ವಾರಕ್ಕೊಬ್ಬ ಸಂಗೀತಗಾರ: ಅರ್ಧ ಗಂಟೆಯ ರಾಕ್–ಜಾಝ್ ಬಾನುಲಿ ಕಾರ್ಯಕ್ರಮ ಕಟ್ಟೋದು ಹೇಗೆ?

ಕೋತಿತೋಪು:
ತುಮಕೂರಿನ ಕಾಲೇಜೊಂದರ ಸಮುದಾಯ ಬಾನುಲಿಯಲ್ಲಿ ಶನಿವಾರ ರಾತ್ರಿ 8.30ರಿಂದ 9ರವರೆಗೆ ಜಾಗ ಸಿಕ್ಕಿದೆ. ಒಟ್ಟು 13 ಕಂತು, ಮಾತು ಪೂರ್ತಿ ಕನ್ನಡ. ಕಂತಿಗೊಬ್ಬ ಸಂಗೀತಗಾರ ಅಥವಾ ಒಂದು ತಂಡ. ಮೊದಲ ಸಾಲಿನಲ್ಲಿ ಸ್ಯಾಕ್ಸೊಫೋನಿನ ಜಾನ್ ಕೋಲ್ಟ್ರೇನ್, ಗಿಟಾರಿನ ಜಾನ್ ಮೆಕ್‌ಲಾಫ್ಲಿನ್, ರಾಕ್ ತಂಡ ಪಿಂಕ್ ಫ್ಲಾಯ್ಡ್, ನಮ್ಮ ಕದ್ರಿ ಗೋಪಾಲನಾಥ್ ಇದ್ದಾರೆ. ಕೋಲ್ಟ್ರೇನ್ ಸ್ಕ್ರಿಪ್ಟ್ 1926ರ ಹುಟ್ಟಿನಿಂದ 1967ರ ಸಾವಿನವರೆಗೆ ಹೋಗುತ್ತದೆ. ಹನ್ನೊಂದು ಟ್ರ್ಯಾಕ್ ಸೇರಿ 52 ನಿಮಿಷ. ಏನು ಕತ್ತರಿಸಬೇಕು? ಹಕ್ಕಿನ ವಿಷಯ ಹೇಗೆ? ಪ್ರಾಯೋಗಿಕ ಪ್ರಸಾರದಲ್ಲಿ ಸಿಂಬಲ್ (ಡ್ರಮ್ ಜತೆಗಿನ ಲೋಹದ ತಟ್ಟೆ) ಸದ್ದು ಒಡೆದು ಬರ್ತಿದೆ, ಮೆಲ್ಲಗಿನ ಜಾಗದಲ್ಲಿ ಗಾಳಿ ಬೀಸಿದ ಹಾಗೆ ಸುಯ್ ಅನ್ನುತ್ತೆ. ಅದಕ್ಕೂ ಯಾರಾದರೂ ದಾರಿ ಹೇಳಿ.

ಎಲ್ಪಿ_ಗುಬ್ಬಿ:
ಮೊದಲು ಲೆಕ್ಕ ಹಾಕಿ. 30 ನಿಮಿಷದ ಜಾಗದಲ್ಲಿ ಕೇಂದ್ರದ ಗುರುತು, ಪ್ರಕಟಣೆ, ಜಾಹೀರಾತು ಕಳೆದರೆ ನಿಮ್ಮ ಪಾಲಿಗೆ 27 ಉಳೀಬಹುದು. ಅದರಲ್ಲಿ 15 ಸಂಗೀತಕ್ಕೆ, 12 ಮಾತಿಗೆ. ಕನ್ನಡದ ಪದ ಉದ್ದ, ವಿಭಕ್ತಿಯೆಲ್ಲ ಬಾಲಕ್ಕೇ ಅಂಟಿರುತ್ತೆ. ಹಾಗಾಗಿ ನಿಮಿಷಕ್ಕೆ 90ರಿಂದ 100 ಪದಕ್ಕಿಂತ ಜಾಸ್ತಿ ಓದಿದರೆ ವರದಿ ಓದಿದ ಹಾಗಾಗುತ್ತೆ. ಅಂದರೆ ಇಡೀ ಸ್ಕ್ರಿಪ್ಟು 1,100 ಪದ ಮೀರಬಾರದು. ಈಗ ನಿಮ್ಮದು ಎಷ್ಟಿದೆ ಎಣಿಸಿ ನೋಡಿ.

ಹುಟ್ಟು, ಶಾಲೆ, ಮೊದಲ ಮದುವೆ, ಪ್ರಶಸ್ತಿ ಅಂತ ಸಾಲಾಗಿ ಹೋದರೆ ಅದು ಶ್ರದ್ಧಾಂಜಲಿ ಆಗುತ್ತೆ. ಬದುಕಿನ ಒಂದು ತಿರುವು ಹಿಡೀರಿ, ಅದೂ ಕಿವಿಗೆ ಕೇಳಿಸುವಂಥ ತಿರುವು. ಕೋಲ್ಟ್ರೇನ್‌ಗೆ 1959 ಸಾಕು. ಆ ವರ್ಷ ಮಾರ್ಚ್ 2 ಮತ್ತು ಏಪ್ರಿಲ್ 22ರಂದು ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಜತೆ ಕೂತು 'ಕೈಂಡ್ ಆಫ್ ಬ್ಲೂ' ಧ್ವನಿಮುದ್ರಿಸಿದ. ಅದರ ಮೊದಲ ಟ್ರ್ಯಾಕ್ 'ಸೋ ವಾಟ್'ನಲ್ಲಿ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗೊಂಚಲು) ಬದಲಾಗೋದೇ ಅಪರೂಪ. ಎರಡು ವಾರ ಕಳೆಯೋದರೊಳಗೆ, ಮೇ 4 ಮತ್ತು 5ರಂದು, ತನ್ನ ಸ್ವಂತ ಆಲ್ಬಂ 'ಜೈಂಟ್ ಸ್ಟೆಪ್ಸ್'ಗೆ ಕೂತ. ಅಲ್ಲಿ ಉಸಿರು ಬಿಡೋಕೂ ಪುರುಸೊತ್ತು ಕೊಡದೆ ಕಾರ್ಡ್ ಬದಲಾಗುತ್ತೆ. ಅದೇ ಮನುಷ್ಯ, ಅದೇ ಟೆನರ್ ಸ್ಯಾಕ್ಸೊಫೋನು, ಎರಡು ಎದುರುಬದುರು ದಾರಿ. ಕೊನೆಗೆ ಯಾವ ದಾರಿ ಹಿಡಿದ ಅನ್ನೋದಕ್ಕೆ 1960ರ ಅಕ್ಟೋಬರಿನ 'ಮೈ ಫೇವರಿಟ್ ಥಿಂಗ್ಸ್' ಉತ್ತರ. ಕಂತು ಅಷ್ಟೇ. ಮಿಕ್ಕ ಎಂಟು ಟ್ರ್ಯಾಕ್ ಬಿಡಿ.

ಇನ್ನೊಂದು ಮಾತು. ಧ್ವನಿಮುದ್ರಣದ ದಿನ ಬೇರೆ, ಬಿಡುಗಡೆಯ ವರ್ಷ ಬೇರೆ. 'ಜೈಂಟ್ ಸ್ಟೆಪ್ಸ್' ಮುದ್ರಿಸಿದ್ದು 1959, ಅಂಗಡಿಗೆ ಬಂದದ್ದು 1960. 'ಎ ಲವ್ ಸುಪ್ರೀಂ' ಮುದ್ರಿಸಿದ್ದು 1964ರ ಡಿಸೆಂಬರ್ 9, ಬಂದದ್ದು 1965. ಸ್ಕ್ರಿಪ್ಟಿನಲ್ಲಿ ಎರಡನ್ನೂ ಬೆರೆಸಿದರೆ ಮೊದಲು ಆದದ್ದು ಆಮೇಲೆ ಆದ ಹಾಗೆ ಕೇಳುತ್ತೆ, ಕಥೆಯೇ ತಿರುಗಿಬೀಳುತ್ತೆ.

ಮಿಶ್ರಚಾಪು:
ಗುಬ್ಬಿಯವರ ಮಾತಿಗೆ ಒಂದು ಎಳೆ ಸೇರಿಸ್ತೀನಿ. ಈ ಜಿಲ್ಲೆಯ ಕೇಳುಗರಿಗೆ ಕಾರ್ಡ್ ಗೊತ್ತಿಲ್ಲ, ಸರಿ. ಆದರೆ ಭಜನೆಗೆ ಕೂತವರಿಗೆ ತಾಳ ಗೊತ್ತು. ಅಲ್ಲಿಂದ ಹಿಡೀರಿ.

ಪಿಯಾನೊ ವಾದಕ ಡೇವ್ ಬ್ರೂಬೆಕ್ ತಂಡದ 'ಟೇಕ್ ಫೈವ್' ಐದರ ಎಣಿಕೆ. ನಮ್ಮ ಖಂಡ ಚಾಪೂ ಐದೇ, ಆದರೆ ನಮ್ಮದು 2+3: ತಕ ತಕಿಟ. ಬ್ರೂಬೆಕ್ ತಂಡದ್ದು 3+2: ತಕಿಟ ತಕ. ಇದನ್ನು ಬಾಯಲ್ಲಿ ಹೇಳಬೇಡಿ, ಚಪ್ಪಾಳೆ ತಟ್ಟಿ ತೋರಿಸಿ. 15 ಸೆಕೆಂಡು ನಮ್ಮ ಚಾಪು, 15 ಸೆಕೆಂಡು ಅವರದು, ತಕ್ಷಣ ಟ್ರ್ಯಾಕ್. ಅದೇ ಆಲ್ಬಮ್ಮಿನ 'ಬ್ಲೂ ರೊಂಡೊ ಅ ಲಾ ಟರ್ಕ್' ಒಂಬತ್ತರದು: ತಕ ತಕ ತಕ ತಕಿಟ ಅಂತ ಮೂರು ಸಲ, ನಾಲ್ಕನೇ ಸಲ ತಕಿಟ ತಕಿಟ ತಕಿಟ. 1958ರ ಪ್ರವಾಸದಲ್ಲಿ ಡೇವ್ ಬ್ರೂಬೆಕ್ ಟರ್ಕಿಯ ಬೀದಿ ವಾದ್ಯಗಾರರಿಂದ ಕೇಳಿದ ಲಯ ಅದು. ಅದೇ ಪ್ರವಾಸದಲ್ಲಿ ಇಂಡಿಯಾಕ್ಕೂ ಬಂದಿದ್ದ. 'ಟೇಕ್ ಫೈವ್' ಬರೆದದ್ದು ಬ್ರೂಬೆಕ್ ಅಲ್ಲ, ಸ್ಯಾಕ್ಸೊಫೋನಿನ ಪಾಲ್ ಡೆಸ್ಮಂಡ್. ಈ ತಪ್ಪು ಎಲ್ಲ ಕಡೆ ನಡೆಯುತ್ತೆ, ನೀವು ಮಾಡಬೇಡಿ.

ಪಿಂಕ್ ಫ್ಲಾಯ್ಡ್ ಕಂತಿಗೆ 'ಮನಿ' ಇಟ್ಟುಕೊಳ್ಳಿ. ಏಳರದು. ಡಿಕ್ ಪ್ಯಾರಿಯ ಸ್ಯಾಕ್ಸೊಫೋನ್ ತನಿ (ಸೋಲೊ) ಮುಗಿಯೋವರೆಗೂ ಏಳರಲ್ಲೇ ನಡೆದು, ಗಿಲ್ಮೋರ್ ಗಿಟಾರ್ ಹಿಡಿದ ಕೂಡಲೆ ನಾಲ್ಕಕ್ಕೆ ಹಾರುತ್ತೆ. ಕೇಳುಗ ಗೊತ್ತಿಲ್ಲದೇ ತಲೆ ಆಡಿಸೋಕೆ ಶುರು ಮಾಡೋದು ಅಲ್ಲೇ. ಸಮಯ ಸಾಲದು ಅಂತ ಆ ತಿರುವಿಗೆ ಮುಂಚೆ ಸದ್ದು ಇಳಿಸಿದರೆ ಹಾಕಿಯೂ ದಂಡ.

ರಾಗಕ್ಕೂ ಹೀಗೇ ಮಾಡಬಹುದು. 'ಸೋ ವಾಟ್' ಅಂದರೆ ಖರಹರಪ್ರಿಯ ಅಂದುಬಿಡಿ, ಅರ್ಧ ಕೆಲಸ ಆಯಿತು.

ಕೋಲಾರಮ್ಮನಕೆರೆ:
ಇಲ್ಲ ಸ್ವಾಮಿ, ಆ ಕೊನೇ ಸಾಲು ಅಳಿಸಿ. ತಾಳದವರೆಗೆ ನಿಮ್ಮ ಮಾತು ಒಪ್ಪಿದೆ. 'ಸೋ ವಾಟ್' ಖರಹರಪ್ರಿಯ ಅಲ್ಲ. ಸ್ವರಗಳ ಪಟ್ಟಿ ಮಾತ್ರ ಒಂದೇ: ಚತುಶ್ರುತಿ ರಿಷಭ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಚತುಶ್ರುತಿ ಧೈವತ, ಕೈಶಿಕಿ ನಿಷಾದ. ಗಮಕ ಇಲ್ಲ, ಸಂಚಾರದ ಕಟ್ಟು ಇಲ್ಲ. ಅದಕ್ಕಿಂತ ದೊಡ್ಡ ವ್ಯತ್ಯಾಸ ಏನೆಂದರೆ ಅಲ್ಲಿ ಷಡ್ಜವೇ ಜಾಗ ಬಿಡುತ್ತೆ. 32 ಆವರ್ತದ (ಅವರ ಮಾತಲ್ಲಿ ಬಾರ್) ಸುತ್ತಿನಲ್ಲಿ ಮೊದಲ 16 ಆವರ್ತ ಎರಡು ಮನೆ ಶ್ರುತಿ (ಹಾರ್ಮೋನಿಯಂ ಮನೆಗಳ ಎಣಿಕೆ, ಅವರ ಡಿ), ಆಮೇಲೆ 8 ಆವರ್ತ ಎರಡೂವರೆ ಮನೆ, ಮತ್ತೆ 8 ಆವರ್ತ ಎರಡಕ್ಕೆ ವಾಪಸ್. ನಮ್ಮ ಕಛೇರಿಯಲ್ಲಿ ತಂಬೂರಿ ನಡುವೆ ಅರ್ಧ ಮನೆ ಹತ್ತಿದರೆ ಎದ್ದು ಹೋಗ್ತೀವಿ. ಅಲ್ಲಿ ಅದೇ ಬಂಧ.

ಹೋಲಿಕೆ ಕೊಡಿ, ಆದರೆ ಹೋಲಿಕೆ ಎಲ್ಲಿ ಮುರಿಯುತ್ತೆ ಅನ್ನೋದನ್ನೂ ಅದೇ ಉಸಿರಿನಲ್ಲಿ ಹೇಳಿ. ಇಲ್ಲದಿದ್ದರೆ ಎಲ್ಲಾ ನಮ್ಮಲ್ಲೇ ಇತ್ತು ಅನ್ನುವ ಭಾಷಣ ಆಗುತ್ತೆ.

ಮಿಶ್ರಚಾಪು:
ಒಪ್ಪಿದೆ, ಆತುರದ ಮಾತು. ಆದರೆ ನೀವು ಹೇಳಿದ್ದರಲ್ಲೇ ಕಂತಿನ ಬೀಗದಕೈ ಇದೆ ನೋಡಿ. ಶ್ರುತಿ ಎಲ್ಲಿ ಕೂರುತ್ತೆ ಅನ್ನೋದನ್ನೇ ಹಿಂಬಾಲಿಸಿದರೆ ಮೂರೂ ಟ್ರ್ಯಾಕ್ ಒಂದು ದಾರಕ್ಕೆ ಬರುತ್ತೆ. 'ಸೋ ವಾಟ್' ಎರಡು ಮನೆಯಲ್ಲಿ ಆರಾಮಾಗಿ ಕೂರುತ್ತೆ. 'ಜೈಂಟ್ ಸ್ಟೆಪ್ಸ್' ಏಳು ಮನೆ, ಐದು ಮನೆ, ಎರಡೂವರೆ ಮನೆ ಅಂತ ಮೂರು ಷಡ್ಜಗಳ ನಡುವೆ ಓಡ್ತಾನೇ ಇರುತ್ತೆ. 'ಮೈ ಫೇವರಿಟ್ ಥಿಂಗ್ಸ್' ತನಿ ಭಾಗದಲ್ಲಿ ಮೂರು ಮನೆ ಬಿಟ್ಟು ಕದಲಲ್ಲ. ತಿಶ್ರದ ನಡೆ, ಕೈಯಲ್ಲಿ ಸೊಪ್ರಾನೊ ಸ್ಯಾಕ್ಸೊಫೋನು, ಸದ್ದು ನಾಗಸ್ವರದ ಕಡೆಗೆ ವಾಲುತ್ತೆ (ವಾಲುತ್ತೆ ಅಂದೆ ಅಷ್ಟೇ, ಕೋಲಾರದವರು ಕೋಪ ಮಾಡ್ಕೋಬೇಡಿ).

ತೋರಿಸೋಕೆ ಹಾರ್ಮೋನಿಯಂ ಸಾಕು. ಗುಬ್ಬಿ ಸೀಮೆಯಲ್ಲಿ ನಾಟಕದ ಹಾರ್ಮೋನಿಯಂಗೆ ಬರ ಇಲ್ಲ. ಒಂದೊಂದು ಜಾಗದಲ್ಲೂ ಸಾ–ಪಾ ಹಿಡಿದು ಬಿಡಿ: ಏಳು, ಐದು, ಎರಡೂವರೆ. ಮೊದಲು ನಿಧಾನಕ್ಕೆ, ಆಮೇಲೆ ವೇಗವಾಗಿ. 40 ಸೆಕೆಂಡು ಮೀರಬೇಡಿ.

ತಂತಿಕಂಬ:
ಹಾರ್ಮೋನಿಯಂ ತರುವ ಮುಂಚೆ ಒಂದು ಹಳ್ಳ ಇದೆ, ನೋಡ್ಕೊಂಡು ನಡೀರಿ. 'ಕೈಂಡ್ ಆಫ್ ಬ್ಲೂ' ಮಾರ್ಚ್ 2ರ ಧ್ವನಿಮುದ್ರಣದಲ್ಲಿ ಟೇಪ್ ಯಂತ್ರ ಸ್ವಲ್ಪ ನಿಧಾನಕ್ಕೆ ಓಡಿತ್ತು. ಸರಿಯಾದ ವೇಗದಲ್ಲಿ ಹಾಕಿದಾಗ ಮೊದಲ ಬದಿಯ ಮೂರೂ ಟ್ರ್ಯಾಕಿನ ಶ್ರುತಿ ಒಂಚೂರು ಮೇಲಿರುತ್ತೆ. 'ಸೋ ವಾಟ್' ಅದೇ ಬದಿಯಲ್ಲಿದೆ. 1990ರ ದಶಕದ ಮರುಮುದ್ರಣಗಳಲ್ಲಿ ಸರಿ ಮಾಡಿದ್ದಾರೆ. ಹಳೇ ಎಲ್ಪಿ ಅಥವಾ ಅದರಿಂದ ಇಳಿಸಿದ ಫೈಲ್ ಹಾಕಿದರೆ ಹಾರ್ಮೋನಿಯಂ ಜತೆ ಕೂಡಲ್ಲ, ಕೇಳೋರು ನಿಮ್ಮ ಪೆಟ್ಟಿಗೆಯೇ ಸರಿಯಿಲ್ಲ ಅಂತಾರೆ. ಸದ್ದು ತಿದ್ದುವ ತಂತ್ರಾಂಶ ಆಡಾಸಿಟಿಯಲ್ಲಿ ವೇಗ ಬದಲಿಸುವ ಆಯ್ಕೆ ಇದೆ, ಶ್ರುತಿ ಕೂಡುವವರೆಗೆ ಇಳಿಸಿ. ಬರೀ ಶ್ರುತಿ ಬದಲಿಸುವ ಆಯ್ಕೆ ಬೇಡ. ಇಲ್ಲಿ ಎರಡೂ ಒಟ್ಟಿಗೇ ಇಳೀಬೇಕು.

ಇನ್ನು ನಿಮ್ಮ ಸದ್ದಿನ ತೊಂದರೆ. ಸಿಂಬಲ್ ಒಡೆಯೋದು ಪ್ರಿ–ಎಂಫಸಿಸ್‌ನಿಂದ. ಎಫ್ಎಂ ಟ್ರಾನ್ಸ್‌ಮಿಟರ್ ತಾರ ಸದ್ದನ್ನು ಬೇಕಂತಲೇ ಏರಿಸಿ ಕಳಿಸುತ್ತೆ, ರೇಡಿಯೊ ಅದನ್ನು ಇಳಿಸಿಕೊಳ್ಳುತ್ತೆ. ನಮ್ಮ ದೇಶದಲ್ಲಿ ಅದು 50 ಮೈಕ್ರೊಸೆಕೆಂಡ್, ಅಂದರೆ 10 ಕಿಲೊಹರ್ಟ್ಸ್ ಹತ್ತಿರ ಸುಮಾರು 10 ಡೆಸಿಬೆಲ್ ಏರಿಕೆ. ಸಿಂಬಲ್ಲಿನ ಸದ್ದು ಅಲ್ಲೇ ಇರೋದರಿಂದ ಲಿಮಿಟರ್ (ಸದ್ದು ಮಿತಿ ಮೀರದಂತೆ ತಡೆಯುವ ಯಂತ್ರ) ಮೊದಲು ಅದರ ಕತ್ತು ಹಿಡಿಯುತ್ತೆ. ಎಡಿಟಿಂಗ್‌ನಲ್ಲಿ ಹೊಳಪು ಬರಲಿ ಅಂತ ಟ್ರೆಬಲ್ ಏರಿಸಿದ್ದರೆ ಮೊದಲು ಅದನ್ನು ತೆಗೀರಿ. 15 ಕಿಲೊಹರ್ಟ್ಸ್ ಮೇಲಿನದನ್ನು ಕತ್ತರಿಸಿ, ಎಫ್ಎಂನಲ್ಲಿ ಅದು ಹೇಗೂ ಹೋಗಲ್ಲ. ಆಮೇಲೂ ಒಡೆದರೆ 6ರಿಂದ 10 ಕಿಲೊಹರ್ಟ್ಸ್ ನಡುವೆ 2 ಡೆಸಿಬೆಲ್ ಇಳಿಸಿ. ಮಾತಿನಲ್ಲಿ ಸ, ಶ ಸೀಟಿ ಹೊಡೆಯೋದಕ್ಕೂ ಇದೇ ಕಾರಣ. ಮೈಕನ್ನು ಬಾಯಿಗೆ ನೇರ ಇಡದೆ ಓರೆ ಮಾಡಿ, ಒಂದು ಗೇಣು ದೂರ.

ಸುಯ್ ಅನ್ನೋದು ಬೇರೆ ರೋಗ. ಟ್ರಾನ್ಸ್‌ಮಿಟರಿಗೆ ಮುಂಚೆ ಇರೋ ಸ್ವಯಂಚಾಲಿತ ಗೇನ್, ಸದ್ದು ಇಳಿದ ಕೂಡಲೆ ಎತ್ತೋಕೆ ಹೋಗುತ್ತೆ. ಸಿನಿಮಾ ಹಾಡಿಗೆ ತೊಂದರೆ ಇಲ್ಲ, ಅಲ್ಲಿ ಸದ್ದು ಇಳಿಯೋದೇ ಇಲ್ಲ. ಪಿಯಾನೊ ಒಂದೇ ಉಳಿದಾಗ 1959ರ ಟೇಪಿನ ಸುಯ್ಯೂ ಅದರ ಜತೆ ಮೇಲೇಳುತ್ತೆ. ಕೇಂದ್ರದ ಎಂಜಿನಿಯರ್ ಆ ಯಂತ್ರ ಮುಟ್ಟೋಕೆ ಬಿಡಲ್ಲ, ಬಿಡಲೂಬಾರದು. ನಿಮ್ಮ ಕಡೆಯಿಂದ ಮಾಡೋದು ಇಷ್ಟು: ಎನ್ವಲಪ್ ಉಪಕರಣದಲ್ಲಿ ಮೆಲ್ಲಗಿನ ಜಾಗವನ್ನು ಕೈಯಾರೆ 3–4 ಡೆಸಿಬೆಲ್ ಎತ್ತಿ, ಜೋರಿನ ಜಾಗವನ್ನು 2 ಇಳಿಸಿ. ಯಂತ್ರಕ್ಕೆ ಎತ್ತುವ ಕೆಲಸ ಉಳಿಯಬಾರದು. ಮಾತು ಮತ್ತು ಸಂಗೀತ ಎರಡನ್ನೂ ಮೈನಸ್ 16 ಎಲ್‌ಯುಎಫ್‌ಎಸ್ (ಸದ್ದು ಕಿವಿಗೆ ಎಷ್ಟು ಜೋರು ಅನ್ನೋದರ ಅಳತೆ) ಸುತ್ತಮುತ್ತ ತಂದು, ಮೊನೆ (ಪೀಕ್) ಮೈನಸ್ 1 ಡೆಸಿಬೆಲ್ ದಾಟದಂತೆ ಬಿಡಿ.

ಕೇಂದ್ರದಲ್ಲಿ ಮೌನ ಪತ್ತೆ ಮಾಡುವ ವ್ಯವಸ್ಥೆ ಇದೆಯೇ ಕೇಳಿ. ಪಿಂಕ್ ಫ್ಲಾಯ್ಡ್ ಆಲ್ಬಂ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' ಎದೆಬಡಿತದಿಂದ ಮೆಲ್ಲಗೆ ಶುರುವಾಗುತ್ತೆ. ಆ ವ್ಯವಸ್ಥೆ ಅದನ್ನು ಪ್ರಸಾರ ನಿಂತಿದೆ ಅಂದುಕೊಂಡು ತಾನೇ ಒಂದು ಭಾವಗೀತೆ ಹಾಕಿಬಿಡಬಹುದು.

ಎಲ್ಪಿ_ಗುಬ್ಬಿ:
ಭಾವಗೀತೆ! ಅದೂ ಒಂಥರಾ ಫ್ಯೂಷನ್ನೇ.

ತಂತಿಕಂಬ:
ಇನ್ನೊಂದು ಬಿಟ್ಟೆ. ಮೊಬೈಲಿನ ಪುಟಾಣಿ ಸ್ಪೀಕರಿನಲ್ಲಿ ಮಂದ್ರ ಇಲ್ಲವೇ ಇಲ್ಲ. 'ಸೋ ವಾಟ್'ನಲ್ಲಿ ಪಲ್ಲವಿ ಹಾಡೋದು ಪಾಲ್ ಚೇಂಬರ್ಸ್‌ನ ಡಬಲ್ ಬಾಸ್. ಸ್ಪೀಕರಿನಲ್ಲಿ ಕೇಳುವವರಿಗೆ ಬಾಸ್ ಕೇಳೋ ಪ್ರಶ್ನೆ ಮಾಯ, ಉಳಿದವರು ಕೊಡೋ ಎರಡು ಸ್ವರದ ಉತ್ತರ ಮಾತ್ರ ಕೇಳುತ್ತೆ. 700ರಿಂದ 1,000 ಹರ್ಟ್ಸ್ ನಡುವೆ 2–3 ಡೆಸಿಬೆಲ್ ಎತ್ತಿದರೆ ತಂತಿಯ ಮೇಲೆ ಬೆರಳು ಬಿದ್ದ ಸದ್ದಾದರೂ ಸಿಗುತ್ತೆ. ಟ್ರ್ಯಾಕಿಗೆ ಮುಂಚೆ ಇಯರ್‌ಫೋನ್ ಹಾಕ್ಕೊಳ್ಳಿ ಅಂತ ಹೇಳಿ. ಮೊಬೈಲ್ ಎಫ್ಎಂಗೆ ಆ ವೈರೇ ಆಂಟೆನಾ, ಹೇಗೂ ಬೇಕು. ಆದರೆ ಎಷ್ಟೋ ಜನ ಒಂದೇ ಕಿವಿಗೆ ಸಿಕ್ಕಿಸ್ಕೋತಾರೆ. 1960ರ ಆಸುಪಾಸಿನ ಸ್ಟೀರಿಯೊದಲ್ಲಿ ಒಂದು ವಾದ್ಯ ಪೂರ್ತಿ ಎಡಕ್ಕೆ, ಇನ್ನೊಂದು ಪೂರ್ತಿ ಬಲಕ್ಕೆ ಇರೋದು ಮಾಮೂಲು. ಒಂದು ಕಿವಿಯವನಿಗೆ ಅರ್ಧ ವಾದ್ಯಗೋಷ್ಠಿ. ಅದಕ್ಕೆ ಮೋನೊ (ಎರಡೂ ಕಿವಿಗೆ ಒಂದೇ ಸದ್ದು) ಮಾಡಿಯೇ ಕೊಡಿ. 100 ವಾಟ್ ಕೇಂದ್ರದ ಅಂಚಿನಲ್ಲಿ ಮೋನೊನೇ ಹೆಚ್ಚು ಸ್ವಚ್ಛ ಕೇಳೋದು. ಪ್ರಾಯೋಗಿಕ ಪ್ರಸಾರವನ್ನು ಸ್ಟುಡಿಯೊದಲ್ಲಿ ಕೂತು ಕೇಳಬೇಡಿ. ಒಬ್ಬರು ಕ್ಯಾತ್ಸಂದ್ರದಲ್ಲಿ, ಒಬ್ಬರು ಶಿರಾ ಗೇಟಿನಲ್ಲಿ ಮೊಬೈಲ್ ಹಿಡಿದು ನಿಲ್ಲಲಿ.

ಕಲಂ_27:
ಹಕ್ಕಿನ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ. ಒಂದು ಟ್ರ್ಯಾಕಿನಲ್ಲಿ ಎರಡು ಹಕ್ಕು ಇರುತ್ತೆ: ಧ್ವನಿಮುದ್ರಣದ್ದು ಮತ್ತು ರಚನೆಯದು. 1957ರ ಕೃತಿಸ್ವಾಮ್ಯ ಕಾಯ್ದೆಯ 27ನೇ ಕಲಂ ಪ್ರಕಾರ ಧ್ವನಿಮುದ್ರಣದ ಹಕ್ಕು, ಪ್ರಕಟವಾದ ಮುಂದಿನ ವರ್ಷದ ಜನವರಿಯಿಂದ 60 ವರ್ಷ. ಮುದ್ರಿಸಿದ ದಿನ ಅಲ್ಲ, ಪ್ರಕಟವಾದ ವರ್ಷ. ರಚನೆಯದು ರಚನೆಕಾರ ಸತ್ತ ಮುಂದಿನ ವರ್ಷದಿಂದ 60.

ನಿಮ್ಮ ಕಂತಿಗೆ ಹಚ್ಚಿ ನೋಡಿ. 1959, 1960, 1961ರಲ್ಲಿ ಹೊರಬಂದ ಈ ಮೂರು ಆಲ್ಬಮ್ಮಿನ ಧ್ವನಿಮುದ್ರಣ ಇಲ್ಲಿ ಮುಕ್ತ. ರಚನೆ ಮುಕ್ತ ಅಲ್ಲ. ಕೋಲ್ಟ್ರೇನ್ ರಚನೆಗಳು 2027ರ ಡಿಸೆಂಬರ್ 31ರವರೆಗೆ, ಮೈಲ್ಸ್ 1991ರಲ್ಲಿ ತೀರಿಕೊಂಡದ್ದರಿಂದ ಅವರದು 2051ರವರೆಗೆ. 'ಮೈ ಫೇವರಿಟ್ ಥಿಂಗ್ಸ್' ಮೂಲ ರಚನೆ ರಿಚರ್ಡ್ ರಾಜರ್ಸ್‌ದು, ಅವರು ಹೋದದ್ದು 1979, ಅಂದರೆ 2039. 'ಎ ಲವ್ ಸುಪ್ರೀಂ' 1965ರಲ್ಲಿ ಪ್ರಕಟವಾದ್ದರಿಂದ ಧ್ವನಿಮುದ್ರಣದ ಹಕ್ಕು 2025ರ ಕೊನೆಯವರೆಗೆ. ಬೋನಸ್ ಟ್ರ್ಯಾಕ್, ಕಳೆದುಹೋಗಿ ಸಿಕ್ಕ ಟೇಪುಗಳಲ್ಲಿ ಎಡವಬೇಡಿ. ಕೋಲ್ಟ್ರೇನ್ 1963ರ ಮಾರ್ಚಿನಲ್ಲಿ ಮುದ್ರಿಸಿದ 'ಬೋತ್ ಡೈರೆಕ್ಷನ್ಸ್ ಅಟ್ ಒನ್ಸ್' ಹೊರಬಂದದ್ದು 2018ರಲ್ಲಿ. ಎಣಿಕೆ ಅಲ್ಲಿಂದ.

ಕೇಂದ್ರಕ್ಕೆ ಯಾವ ಸಂಸ್ಥೆಯ ಪರವಾನಗಿ ಇದೆ, ಅದರಲ್ಲಿ ವಿದೇಶಿ ರಚನೆ ಸೇರಿದೆಯೇ ಅಂತ ಬರಹದಲ್ಲಿ ಕೇಳಿ. ಇಲ್ಲದಿದ್ದರೆ 31ಡಿ ಕಲಂ ಪ್ರಕಾರ ನೋಟಿಸ್ ಕೊಟ್ಟು, ಗೊತ್ತುಪಡಿಸಿದ ದರ ಕಟ್ಟಿ ಪ್ರಸಾರ ಮಾಡುವ ದಾರಿ ಇದೆ. ಅದನ್ನು ಕೇಂದ್ರ ಮಾಡಬೇಕು, ನೀವಲ್ಲ. ಸ್ವಂತದ ಸ್ಟ್ರೀಮಿಂಗ್ ಚಂದಾ ಮನೆಯಲ್ಲಿ ಕೇಳೋಕೆ ಮಾತ್ರ, ಅದರಿಂದ ಪ್ರಸಾರ ಮಾಡಬೇಡಿ.

ಜನ ಸಿಕ್ಕಿಹಾಕಿಕೊಳ್ಳೋದು ಇಲ್ಲಿ: ಪ್ರಸಾರ ಆದಮೇಲೆ ಕಂತನ್ನು ಪಾಡ್‌ಕಾಸ್ಟ್ ಅಂತ ಅಂತರ್ಜಾಲಕ್ಕೆ ಏರಿಸ್ತಾರೆ. ಬಾನುಲಿ ಪರವಾನಗಿ ಅದಕ್ಕೆ ಅನ್ವಯಿಸಲ್ಲ. 31ಡಿ ಅಂತರ್ಜಾಲ ಸೇವೆಗೆ ಇಲ್ಲ ಅಂತ ಬಾಂಬೆ ಹೈಕೋರ್ಟ್ 2019ರಲ್ಲಿ ಹೇಳಿದೆ. ಏರಿಸಲೇಬೇಕಿದ್ದರೆ ಮಾತಿನ ಭಾಗ ಮಾತ್ರ ಏರಿಸಿ. ಅದಕ್ಕೇ ಮಾತಿನ ಟ್ರ್ಯಾಕ್ ಮತ್ತು ಸಂಗೀತದ ಟ್ರ್ಯಾಕ್ ಬೇರೆ ಬೇರೆ ಇಟ್ಟು ಉಳಿಸಿಕೊಳ್ಳಿ. ಪ್ರಸಾರವಾದ ಕಾರ್ಯಕ್ರಮವನ್ನು ಕೇಂದ್ರ 3 ತಿಂಗಳು ಕಾಪಾಡಬೇಕು. ಜತೆಗೆ ಟ್ರ್ಯಾಕ್, ರಚನೆಕಾರ, ವಾದಕ, ಲೇಬಲ್, ಪ್ರಕಟವಾದ ವರ್ಷ, ಎಷ್ಟು ಸೆಕೆಂಡು ಅಂತ ಒಂದು ಹಾಳೆ ಲಗತ್ತಿಸಿ.

ಶಿಡ್ಲಘಟ್ಟದ_ಗೂಡು:
ಕೋತಿತೋಪು ಅವರೇ, ಕಂತುಗಳ ಸಾಲು ಸ್ವಲ್ಪ ಅದಲುಬದಲು ಮಾಡಿ. ಕೋಲ್ಟ್ರೇನ್ ಆದಮೇಲೆ ನೇರ ಮೆಕ್‌ಲಾಫ್ಲಿನ್. 1969ರ ಫೆಬ್ರವರಿಯಲ್ಲಿ ಮೈಲ್ಸ್‌ನ 'ಇನ್ ಎ ಸೈಲೆಂಟ್ ವೇ', 1971ರಿಂದ ಮಹಾವಿಷ್ಣು ಆರ್ಕೆಸ್ಟ್ರಾದ ಕಿವಿಗಡಚಿಕ್ಕುವ ಎರಡು ಕುತ್ತಿಗೆಯ ಗಿಟಾರು, 1975ರಲ್ಲಿ ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತು 'ಶಕ್ತಿ' ತಂಡ. ತಿರುವು ಅಂದರೆ ಇದು. ಎಲ್. ಶಂಕರ್ ಪಿಟೀಲು, ಝಾಕಿರ್ ಹುಸೇನ್ ತಬಲಾ, ವಿಕ್ಕು ವಿನಾಯಕರಾಂ ಘಟ, ಮೊದಲ ಆಲ್ಬಮ್ಮಿನಲ್ಲಿ ಆರ್. ರಾಘವನ್ ಮೃದಂಗವೂ ಇದೆ. ಮೆಕ್‌ಲಾಫ್ಲಿನ್ ಅದಕ್ಕೂ ಮುಂಚೆ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ವೀಣೆ ಕಲಿತಿದ್ದ. ಅದಕ್ಕೇ ಗಿಬ್ಸನ್ ಕಂಪನಿಯಲ್ಲಿದ್ದ ಏಬ್ ವೆಕ್ಟರ್ ಕೈಲಿ ಗಿಟಾರು ಮಾಡಿಸಿಕೊಂಡ: ಮೆಟ್ಟಿಲುಗಳ ನಡುವಿನ ಮರ ತೋಡಿದ್ದು, ಅಡಿಯಲ್ಲಿ ಅನುರಣನಕ್ಕೆ ಏಳು ತಂತಿ. ತೋಡಿದ್ದು ಯಾಕೆ ಅಂದರೆ, ವೀಣೆಯಲ್ಲಿ ಮೆಟ್ಟಿಲು ಎತ್ತರ ಇರೋದರಿಂದ ಬೆರಳು ಮರಕ್ಕೆ ತಾಗದೆ ತಂತಿ ಎಳೆದು ಗಮಕ ತೆಗೀಬಹುದು. ಸಾದಾ ಗಿಟಾರಿನಲ್ಲಿ ಮರ ಅಡ್ಡ ಬರುತ್ತೆ. ಇದನ್ನು ವೀಣೆ ಇಟ್ಟುಕೊಂಡು ತೋರಿಸಿ. ಟ್ರ್ಯಾಕ್ ಆರಿಸುವಾಗ ಹುಷಾರು, 'ಜಾಯ್' 18 ನಿಮಿಷದ್ದು. 'ಲೋಟಸ್ ಫೀಟ್' ಐದು ನಿಮಿಷದೊಳಗೆ ಮುಗಿಯುತ್ತೆ. 'ಶಕ್ತಿ' ತಂಡದ 2023ರ ಆಲ್ಬಂ 'ದಿಸ್ ಮೊಮೆಂಟ್'ಗೆ ಮರುವರ್ಷ ಗ್ರ್ಯಾಮಿ ಬಂತು ಅನ್ನೋದು ಒಂದೇ ವಾಕ್ಯ ಸಾಕು.

ನಿಮ್ಮ ಪಟ್ಟಿಯಲ್ಲಿ ಇಲ್ಲದ ಒಂದು ಕಂತು: ಚಾರ್ಲಿ ಮಾರಿಯಾನೊ. ಬಾಸ್ಟನ್ ಕಡೆಯ ಆಲ್ಟೊ ಸ್ಯಾಕ್ಸೊಫೋನ್ ವಾದಕ, ಚಾರ್ಲ್ಸ್ ಮಿಂಗಸ್ ತಂಡದಲ್ಲಿ ನುಡಿಸಿದವ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜತೆ 1983ರಲ್ಲಿ ಮುದ್ರಿಸಿದ 'ಜ್ಯೋತಿ' ಜರ್ಮನಿಯ ಇಸಿಎಂ ಲೇಬಲ್ಲಿನಲ್ಲಿ ಬಂತು. ಆರ್.ಎ. ರಮಾಮಣಿ ಗಾಯನ, ಟಿ.ಎ.ಎಸ್. ಮಣಿ ಮೃದಂಗ. ತುಮಕೂರಿನಿಂದ ಎಪ್ಪತ್ತು ಕಿಲೊಮೀಟರು ದೂರದ ಊರಿನವರು ಇಸಿಎಂ ಫಲಕದಲ್ಲಿದ್ದಾರೆ, ಅದನ್ನು ಬಿಟ್ಟು ಹೊರಟರೆ ಹೇಗೆ? ಅದರ ಪಕ್ಕದ ವಾರ ಕದ್ರಿ: 1980ರ ಬೊಂಬಾಯಿ ಜಾಝ್ ಯಾತ್ರಾ ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ಜತೆ, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವ, 2008ರಲ್ಲಿ ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪ ಜತೆ 'ಕಿನ್ಸ್‌ಮೆನ್' ಆಲ್ಬಂ. ಒಬ್ಬ ಸ್ಯಾಕ್ಸೊಫೋನ್ ಹಿಡಿದು ಇತ್ತ ಬಂದ, ಇನ್ನೊಬ್ಬರು ಅದನ್ನೇ ಹಿಡಿದು ಅತ್ತ ಹೋದರು.

ಕೋತಿತೋಪು:
ಎಲ್ಲರಿಗೂ ಶರಣು. 'ಸೋ ವಾಟ್' 9 ನಿಮಿಷ 22 ಸೆಕೆಂಡು ಇದೆ. ಎಲ್ಲಿ ಕತ್ತರಿಸಲಿ?

ಎಲ್ಪಿ_ಗುಬ್ಬಿ:
ಸುತ್ತಿನ ಕೊನೆಯಲ್ಲಿ. ಒಂದು ಸುತ್ತು 32 ಆವರ್ತ, ಆ ವೇಗಕ್ಕೆ ಸುಮಾರು 56 ಸೆಕೆಂಡು. ಪಿಯಾನೊ–ಬಾಸ್ ಪೀಠಿಕೆ ಸುಮಾರು 0:34ರವರೆಗೆ, ಪಲ್ಲವಿ 1:31ರವರೆಗೆ, ಆಮೇಲೆ ಮೈಲ್ಸ್ ಎರಡು ಸುತ್ತು, ಕೋಲ್ಟ್ರೇನ್ ಎರಡು ಸುತ್ತು. 5:16ರ ಹತ್ತಿರ ಕೋಲ್ಟ್ರೇನ್ ಮುಗಿಸಿ ಆಲ್ಟೊ ಸ್ಯಾಕ್ಸೊಫೋನಿನ ಆಡರ್ಲಿ ಎತ್ತಿಕೊಳ್ತಾನೆ. ಅಲ್ಲಿ 4 ಸೆಕೆಂಡಿನಲ್ಲಿ ಇಳಿಸಿ. ಪೀಠಿಕೆ ಬಿಟ್ಟು 0:34ರಿಂದ ಶುರು ಮಾಡಿದರೆ 4 ನಿಮಿಷ 42 ಸೆಕೆಂಡು. ಪೀಠಿಕೆ ಬಿಡೋದು ಹೊಟ್ಟೆ ಉರಿಸುತ್ತೆ, ಆದರೆ ಮೊಬೈಲಿನಲ್ಲಿ ಅದು ಹೇಗೂ ಕೇಳಲ್ಲ.

ಕೋಲಾರಮ್ಮನಕೆರೆ:
ಮಾತಿನ ಬಗ್ಗೆ ಎರಡು. ಬಾರ್ ಅನ್ನೋ ಪದ ಬೇಡ. 'ಹನ್ನೆರಡು ಬಾರ್ ಬ್ಲೂಸ್' ಅಂದರೆ ಬಿ.ಎಚ್. ರಸ್ತೆಯುದ್ದಕ್ಕೂ ಎಣಿಸ್ತಾ ಹೋಗ್ತಾರೆ. ಆವರ್ತ ಅನ್ನಿ. ಸೋಲೊಗೆ ತನಿ. ಹೆಸರುಗಳ ಉಚ್ಚಾರ ಮೊದಲೇ ಬರೆದಿಟ್ಟುಕೊಳ್ಳಿ: ಥೆಲೋನಿಯಸ್ ಮಂಕ್, ಡಿಝಿ ಗಿಲೆಸ್ಪಿ, ಜಾಂಗೊ ರೈನ್‌ಹಾರ್ಟ್. ಪಿಂಕ್ ಫ್ಲಾಯ್ಡ್ ಕಂತಿನಲ್ಲಿ ಸಿಂಥಸೈಜರ್ ಮಾತು ಬಂದರೆ ಅದು ಮೂಗ್ ಅಲ್ಲ, ಮೋಗ್. ಒಂದು ಕಂತಿಗೆ ಐದಕ್ಕಿಂತ ಹೆಚ್ಚು ಹೊಸ ಹೆಸರು ಬೇಡ. ವಾಯ್ಸ್ ಆಫ್ ಅಮೆರಿಕದಲ್ಲಿ 1955ರಿಂದ ದಶಕಗಟ್ಟಲೆ ಜಾಝ್ ಕೇಳಿಸಿದ ವಿಲ್ಲಿಸ್ ಕೊನೋವರ್ ಬೇಕಂತಲೇ ನಿಧಾನವಾಗಿ, ಚಿಕ್ಕ ವಾಕ್ಯದಲ್ಲಿ ಮಾತಾಡ್ತಿದ್ದ. ಇಂಗ್ಲಿಷ್ ಅರ್ಧಂಬರ್ಧ ಬರುವವರೂ ಶಾರ್ಟ್‌ವೇವ್‌ನಲ್ಲಿ ಹಿಡಿದು ಕೇಳ್ತಿದ್ದರು.

ಕೋತಿತೋಪು:
ಮೊದಲ ಕಂತಿನ ಹೊಸ ಸಾಲು ಹೀಗಿದೆ. 'ಜೈಂಟ್ ಸ್ಟೆಪ್ಸ್' ತುಣುಕು, ಮಾತಿಲ್ಲದೆ, 0:40. ಮಾತು 3:00. 'ಸೋ ವಾಟ್' 4:42. ಮಾತು ಮತ್ತು ಹಾರ್ಮೋನಿಯಂ 3:10. 'ಜೈಂಟ್ ಸ್ಟೆಪ್ಸ್' ಪೂರ್ತಿ 4:43. ಮಾತು 3:00. 'ಮೈ ಫೇವರಿಟ್ ಥಿಂಗ್ಸ್' 13:41ರಲ್ಲಿ ಮೊದಲ 3:30. ಮಾತು 2:00. ಕೋಲ್ಟ್ರೇನ್‌ನ 'ನೈಮಾ' ಮೇಲೆ ಹೆಸರುಗಳು 1:30. ಒಟ್ಟು 26 ನಿಮಿಷ 15 ಸೆಕೆಂಡು. ಹುಟ್ಟಿದ ಊರು ಎರಡನೇ ಮಾತಿನಲ್ಲಿ ಅರ್ಧ ವಾಕ್ಯ.

ಮಿಶ್ರಚಾಪು:
27 ನಿಮಿಷದಲ್ಲಿ ಮಿಕ್ಕ 45 ಸೆಕೆಂಡು ಹಾರ್ಮೋನಿಯಂಗೆ ಕೊಡಬೇಡಿ. 'ಮೈ ಫೇವರಿಟ್ ಥಿಂಗ್ಸ್'ಗೇ ಕೊಡಿ, ಮೂರು ಮನೆ ಕಿವಿಯಲ್ಲಿ ಕೂರೋಕೆ ಹೊತ್ತು ಬೇಕು.

ತಂತಿಕಂಬ:
'ನೈಮಾ' ಮೇಲೆ ಹೆಸರು ಓದುವಾಗ ಸಂಗೀತವನ್ನು 12 ಡೆಸಿಬೆಲ್ ಮಾತ್ರ ಇಳಿಸಿ. 20 ಇಳಿಸಿದರೆ ಮಾತಿನ ನಡುವಿನ ಉಸಿರಲ್ಲಿ ಗೇನ್ ಯಂತ್ರ ಅದನ್ನು ಎತ್ತಿ ತಂದು ಬಿಸಾಕುತ್ತೆ.